ತಾಯಿ ಕಾರ್ಡಿನಲ್ಲಿ ಪೆನ್ಸಿಲ್ ಬೇಡ: ಮೂರು ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳು

ಮಾನ್ಯರೇ,

ನನ್ನ ಮಗಳ ತಾಯಿ ಕಾರ್ಡನ್ನು ಮುಂದಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಹುಟ್ಟಿದ ದಿನದ ಸಾಲಿನಲ್ಲಿ ಮೂರು ಲಸಿಕೆಗಳ ತಾರೀಖುಗಳು ನೀಲಿ ಶಾಯಿಯಲ್ಲಿ ಇವೆ: ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಅದರ ಕೆಳಗೆ ಆರು ವಾರ, ಹತ್ತು ವಾರ, ಹದಿನಾಲ್ಕು ವಾರದ ಸಾಲುಗಳು. ಅಲ್ಲಿ ಪೆನ್ಸಿಲಿನಿಂದ ಒಂದು ತಾರೀಖು ಬರೆದು ಅಳಿಸಿದ್ದಾರೆ. ಅದರ ಮೇಲೆ ಇನ್ನೊಂದು ಬರೆದು ಅದನ್ನೂ ಅಳಿಸಿದ್ದಾರೆ. ಆ ಜಾಗದಲ್ಲಿ ಕಾಗದ ಸವೆದು ಎಷ್ಟು ತೆಳ್ಳಗಾಗಿದೆಯೆಂದರೆ, ಬೆಳಕಿಗೆ ಹಿಡಿದರೆ ಹಿಂಬದಿಯ ಅಕ್ಷರ ಕಾಣುತ್ತದೆ.

ನಾನು ಬೆಟಗೇರಿಯ ನೇಕಾರರ ಮನೆಯ ಸೊಸೆ. ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ನಮ್ಮ ಮಗಳಿಗೆ ಈಗ ನಾಲ್ಕು ವರ್ಷ. ಅವಳಿಗೆ ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಜೀವಕೋಶದಲ್ಲಿ ಒಂದು ವರ್ಣತಂತು (ಕ್ರೋಮೋಸೋಮ್) ಹೆಚ್ಚಿಗೆ ಇದೆ. ಹುಟ್ಟಿದಾಗ ಹೃದಯದಲ್ಲಿ ರಂಧ್ರವೂ ಇತ್ತು.

ಆರನೇ ವಾರ ತುಂಬಿದ ಗುರುವಾರ ಕೂಸನ್ನು ಎತ್ತಿಕೊಂಡು ಸೂಜಿ ಮಾಡಿಸಲು ಹೋದೆ. ಎಲ್ಲಿ, ಯಾರು ಎಂದು ಬರೆಯುವುದಿಲ್ಲ. ಒಬ್ಬರನ್ನು ಹಿಡಿದು ದೂರುವುದಕ್ಕೆ ಈ ಪತ್ರ ಅಲ್ಲ. ಕಾರ್ಡು ನೋಡಿದರು, ಹೃದಯದ ಸ್ಕ್ಯಾನಿನ ಎಕೋ ರಿಪೋರ್ಟು ನೋಡಿದರು, ಕೂಸಿನ ಮುಖ ನೋಡಿದರು. "ಹಾರ್ಟಿನ್ಯಾಗ ಹೋಲ್ ಐತಿ ಅಂತೀರಿ. ನಾ ಸೂಜಿ ಮಾಡಿ ಏನರ ಆತಂದ್ರ ಯಾರು ಜವಾಬ್ದಾರಿ? ಮೊದಲ ಆಪರೇಷನ್ ಆಗಲಿ ತಗೋರಿ, ಆಮ್ಯಾಲ ನೋಡೂಣು" ಅಂದರು. ಪೆನ್ಸಿಲ್ ತೆಗೆದು ಒಂದು ತಿಂಗಳ ನಂತರದ ತಾರೀಖು ಬರೆದುಕೊಟ್ಟರು. ನಿಜ ಹೇಳಬೇಕೆಂದರೆ, ಆ ದಿನ ನನಗೆ ಸಮಾಧಾನವೇ ಆಯಿತು. ನನ್ನ ಕೂಸಿನ ಬಗ್ಗೆ ಇಷ್ಟು ಎಚ್ಚರ ವಹಿಸುತ್ತಾರಲ್ಲ ಅಂದುಕೊಂಡೆ. ಮುಂದಿನ ತಿಂಗಳು ಮತ್ತೆ ಹೋದೆ. ಆವತ್ತು ಕೂಸಿಗೆ ಸ್ವಲ್ಪ ನೆಗಡಿ ಇತ್ತು. ಮತ್ತೆ ಪೆನ್ಸಿಲ್. ಮೂರನೇ ಸಲ ಒಂದು ಖಾಸಗಿ ದವಾಖಾನೆಗೆ ಹೋದೆವು. ಅಲ್ಲಿಯೂ ಅದೇ ಮಾತು. "ಆಪರೇಷನ್ ಆದಮೇಲೆ ಬರ್ರಿ."

ಐದನೇ ತಿಂಗಳಿನಲ್ಲಿ ಅವಳಿಗೆ ನ್ಯುಮೋನಿಯಾ ಆಯಿತು. ರಾತ್ರಿ ಎರಡು ಗಂಟೆಗೆ ಗದಗಿನಿಂದ ಹುಬ್ಬಳ್ಳಿಗೆ ಆಂಬುಲೆನ್ಸಿನಲ್ಲಿ ಹೋಗುವಾಗ ನಾನು ನೋಡಿದ್ದು ಅವಳ ಎದೆಯನ್ನು ಮಾತ್ರ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗಿನ ಚರ್ಮ ಒಳಗೆ ಸೆಳೆದು ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿದ್ದವು. ಅಳುವುದಕ್ಕೂ ಅವಳಲ್ಲಿ ಉಸಿರು ಉಳಿದಿರಲಿಲ್ಲ. ಬಾಯಿ ತೆರೆಯುತ್ತಿದ್ದಳು, ದನಿ ಬರುತ್ತಿರಲಿಲ್ಲ. ಅಣ್ಣಿಗೇರಿ ದಾಟುವಾಗ ನನ್ನ ಬಳೆಯನ್ನು ಹಿಡಿದುಕೊಂಡ ಅವಳ ಬೆರಳುಗಳ ತುದಿ ನೀಲಿಯಾಗಿದ್ದವು.

ಹನ್ನೊಂದು ದಿನ ಅಲ್ಲಿದ್ದೆವು. ಎರಡನೇ ದಿನ ರೌಂಡ್ಸಿಗೆ ಬಂದ ಹಿರಿಯ ಡಾಕ್ಟರಮ್ಮ ಕಾರ್ಡು ಕೇಳಿದರು. ಪೆನ್ಸಿಲಿನ ಗುರುತುಗಳನ್ನು ಬಹಳ ಹೊತ್ತು ನೋಡಿದರು. "ಇಂಥಾ ಮಕ್ಕಳಿಗೆ ಎಲ್ಲಾರಕಿಂತ ಮೊದಲ ಹಾಕಬೇಕ್ರಿ, ಕಡೀಕಲ್ಲ" ಎಂದು ಮೆಲ್ಲಗೆ ಹೇಳಿದರು. ಲಸಿಕೆ ಹಾಕಿಸಿದ್ದರೆ ಆ ನ್ಯುಮೋನಿಯಾ ಬರುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ನ್ಯುಮೋನಿಯಾ ತರುವ ವೈರಸ್ಸು, ಬ್ಯಾಕ್ಟೀರಿಯಾ ಹತ್ತಾರು ಇವೆ, ಲಸಿಕೆ ತಡೆಯುವುದು ಕೆಲವನ್ನು. ಆದರೆ ನಾಯಿಕೆಮ್ಮು, ನ್ಯುಮೋನಿಯಾ ತರುವ ಹಿಬ್ ಮತ್ತು ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಎಂಬ ಮೂರು ಬಾಗಿಲುಗಳನ್ನು ನಾವು ಐದು ತಿಂಗಳು ಹಾರು ಹೊಡೆದು ಇಟ್ಟಿದ್ದೆವು. ಅದೂ ಎಚ್ಚರಿಕೆಯ ಹೆಸರಿನಲ್ಲಿ.

ಡಾಕ್ಟರಮ್ಮ ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು, ಇದು ನಮ್ಮ ಒಂದು ಕೂಸಿನ ಕಥೆಯಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದ ಹೃದಯದ ದೋಷ ಇರುತ್ತದೆ. ಉಸಿರಿನ ದಾರಿ ಕಿರಿದು. ಸ್ನಾಯುಗಳು ಸಡಿಲ, ಹಾಗಾಗಿ ಕೆಮ್ಮಿ ಕಫ ಹೊರಗೆ ಹಾಕುವ ಶಕ್ತಿ ಕಡಿಮೆ. ರೋಗದ ವಿರುದ್ಧ ಹೋರಾಡುವ ಕಣಗಳನ್ನು ತಯಾರು ಮಾಡುವ ಥೈಮಸ್ ಗ್ರಂಥಿಯೇ ಇವರಲ್ಲಿ ಚಿಕ್ಕದು. ಬೇರೆ ಮಕ್ಕಳಿಗೆ ಮೂರು ದಿನದ ನೆಗಡಿ ಆಗಿ ಹೋಗುವುದು ಇವರಿಗೆ ಆಕ್ಸಿಜನ್ ಹಚ್ಚುವ ಮಟ್ಟಕ್ಕೆ ಹೋಗಬಹುದು. ಇನ್ನೊಂದು ಮಾತು: ಕೆಲವು ಲಸಿಕೆಗಳಿಗೆ ಇವರ ದೇಹದಲ್ಲಿ ಹುಟ್ಟುವ ರಕ್ಷಣೆ ಬೇರೆ ಮಕ್ಕಳಿಗಿಂತ ಸ್ವಲ್ಪ ಕಡಿಮೆ. ಇದನ್ನು ಕೇಳಿದ ಕೂಡಲೇ "ಹಂಗಾರ ಹಾಕಿಸಿ ಏನ ಉಪಯೋಗ?" ಎಂದು ನಮ್ಮ ಮನೆಯವರು ಕೇಳಿದರು. ಉಪಯೋಗ ಇದೆ, ಲಸಿಕೆ ಕೆಲಸ ಮಾಡುತ್ತದೆ. ಆದರೆ ಒಂದು ಡೋಸು ತಪ್ಪಿದರೂ ಆಗುವ ನಷ್ಟ ಇವರಿಗೆ ಹೆಚ್ಚು. ಬೂಸ್ಟರುಗಳನ್ನು ಬಿಡಲೇಬಾರದು.

ಹಾಗಾದರೆ ನನ್ನ ಮಗಳನ್ನು ಮೂರು ಸಲ ವಾಪಸ್ ಕಳಿಸಿದ್ದು ಯಾವ ನಿಯಮದಂತೆ? ಅಂಥ ನಿಯಮವೇ ಇಲ್ಲ. ಯಾವ ಯಾವ ಕಾರಣಕ್ಕೆ ಲಸಿಕೆ ತಪ್ಪಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮಿನ ಹೆಸರೇ ಇದೆ. ಹೃದಯದ ದೀರ್ಘಕಾಲದ ಕಾಯಿಲೆ ಇದೆ, ಅಪೌಷ್ಟಿಕತೆ ಇದೆ, ತಿಂಗಳು ತುಂಬದೆ ಹುಟ್ಟಿದ್ದು ಇದೆ, ಸಣ್ಣ ನೆಗಡಿಯೂ ಇದೆ. ಮುಂದೆ ಆಪರೇಷನ್ ಇದೆ ಎಂಬುದೂ ಆ ಪಟ್ಟಿಯಲ್ಲಿದೆ! ನನಗೆ ಕೊಟ್ಟ ಎಲ್ಲ ಕಾರಣಗಳೂ "ಇದು ಕಾರಣವಲ್ಲ" ಎಂದು ಬರೆದಿಟ್ಟ ಪಟ್ಟಿಯೊಳಗಿನವೇ. ಅದನ್ನು ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಓದಿದಾಗ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕಾಯಬೇಕಾದ ನಿಜವಾದ ಕಾರಣಗಳು ಇಲ್ಲವೆಂದಲ್ಲ. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ ಅದೇ ಲಸಿಕೆ ಮತ್ತೆ ಹಾಕುವಂತಿಲ್ಲ. ಜೋರು ಜ್ವರ, ಉಸಿರಾಟದ ತೊಂದರೆ ಇದ್ದರೆ ಕೂಸು ಚೇತರಿಸಿಕೊಳ್ಳುವವರೆಗೆ ಮುಂದೂಡುತ್ತಾರೆ. ರಕ್ತದ ಕ್ಯಾನ್ಸರು ಈ ಮಕ್ಕಳಲ್ಲಿ ಬೇರೆಯವರಿಗಿಂತ ಹೆಚ್ಚು. ಅದಕ್ಕೆ ಕೀಮೋ ನಡೆದಿದ್ದರೆ ದಡಾರ-ರುಬೆಲ್ಲಾ ತಡೆಯುವ ಎಂಆರ್‌ನಂಥ ಜೀವಂತ ಲಸಿಕೆ (ಬಲ ಕುಂದಿಸಿದ ಜೀವಂತ ವೈರಸ್ಸು ಇರುವುದು) ಕೊಡುವುದಿಲ್ಲ. ಝಟಕೆ (ಫಿಟ್ಸ್) ಬರುತ್ತಿದ್ದು ಇನ್ನೂ ಹತೋಟಿಗೆ ಬಂದಿಲ್ಲವೆಂದರೆ ನಾಯಿಕೆಮ್ಮಿನ ಲಸಿಕೆ ಯಾವಾಗ ಕೊಡಬೇಕೆಂದು ಡಾಕ್ಟರು ತೀರ್ಮಾನಿಸಬೇಕು. ನನ್ನ ಮಗಳ ವಿಷಯದಲ್ಲಿಯೂ ಒಂದು ಸಲ ನಿಜವಾಗಿ ಕಾಯಬೇಕಾಯಿತು. ಎಂಟನೇ ತಿಂಗಳಲ್ಲಿ ಆಪರೇಷನ್ ಆದಾಗ ಅವಳಿಗೆ ರಕ್ತ ಕೊಟ್ಟಿದ್ದರು. ಬೇರೆಯವರ ರಕ್ತದೊಂದಿಗೆ ಬಂದ ಪ್ರತಿಕಾಯಗಳು (ರೋಗದ ವಿರುದ್ಧ ಹೋರಾಡುವ ಪ್ರೋಟೀನುಗಳು) ಎಂಆರ್ ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲವೆಂದು ಒಂಬತ್ತನೇ ತಿಂಗಳ ಆ ಸೂಜಿಯನ್ನು ಆರು ತಿಂಗಳು ತಡಮಾಡಿದರು. ಆದರೆ ಅಲ್ಲಿ ಡಾಕ್ಟರು ಕಾರ್ಡಿನ ಮೇಲೆ ಏನು ಮಾಡಿದರು ಗೊತ್ತೇ? ಶಾಯಿಯಲ್ಲಿ ಕಾರಣ ಬರೆದು, ಯಾವ ತಿಂಗಳಲ್ಲಿ ಹಾಕಬೇಕೆಂದು ಬರೆದು, ಕೆಳಗೆ ಸಹಿ ಮಾಡಿದರು.

ಪೆನ್ಸಿಲಿಗೂ ಆ ಸಹಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಗಮನಕ್ಕೆ ತರಲೆಂದೇ ಈ ಪತ್ರ ಬರೆಯುತ್ತಿರುವುದು.

ಇನ್ನು ನನ್ನಂಥ ತಂದೆತಾಯಿಗಳ ಜೊತೆ ಎರಡು ಮಾತು. ಈ ಪತ್ರವನ್ನು ಅವರೂ ಓದಲೆಂದೇ ಎಲ್ಲರ ಮುಂದೆ ಇಡುತ್ತಿದ್ದೇನೆ.

ಹಿಂದೇಟು ಹಾಕುವವರು ಆಸ್ಪತ್ರೆಯವರು ಮಾತ್ರ ಅಲ್ಲ, ನಮ್ಮ ಮನೆಯೊಳಗೂ ಇದ್ದಾರೆ. "ಮೊದಲ ನಾಜೂಕ ಕೂಸು. ಅದಕ್ಕ ಇನ್ನ ಸೂಜಿ ಬ್ಯಾರೆ ಯಾಕವಾ?" ಎಂದು ನಮ್ಮ ಅತ್ತೆ ಕಣ್ಣೀರು ಹಾಕಿದ್ದರು. ಅವರ ಪ್ರೀತಿಯಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮೂರು ವರ್ಷ ಅವರು ಮೊಮ್ಮಗಳ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿದ್ದಕ್ಕೇ ಅವಳು ನಡೆದಳು ಎಂದು ನಾನು ನಂಬಿದ್ದೇನೆ. ಆದರೆ ಬೇರೆ ಥರದ ಮಾತೂ ನನ್ನ ಕಿವಿಗೆ ಬಿದ್ದಿದೆ. "ಇಂಥಾ ಕೂಸಿಗೆ ಯಾಕ ಇಷ್ಟ ಒದ್ದಾಡ್ತೀರಿ?" ಅಂದವರಿದ್ದಾರೆ. ಆ ಮಾತು ಬಾಯಲ್ಲಿ ಬರದಿದ್ದರೂ ಎಷ್ಟೋ ಜನರ ಮನಸ್ಸಿನಲ್ಲಿ ಇರುತ್ತದೆ, ಮುಂದೂಡುವಿಕೆಯ ರೂಪದಲ್ಲಿ ಹೊರಗೆ ಬರುತ್ತದೆ. ಅದಕ್ಕೆ ನಾನು ಕೊಡುವ ಉತ್ತರ ಒಂದೇ: ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮಗಳನ್ನು ಎತ್ತಿಕೊಂಡು ಅಂಗನವಾಡಿಯ ಮುಂದೆ ನಿಲ್ಲುವುದು.

ನಮ್ಮ ಪರಿಚಯದ ಒಬ್ಬ ತಂದೆ, ರೋಣದ ಕಡೆಯವರು, ಚುಚ್ಚುಮದ್ದು ಹಾಕಿಸಿದ್ದಕ್ಕೇ ತಮ್ಮ ಮಗ ಹೀಗಾದ ಎಂದು ನಂಬಿದ್ದರು. ಕೂಸು ಹುಟ್ಟಿದಾಗ ಯಾರೂ ಅವರಿಗೆ ವಿಷಯ ಹೇಳಿರಲಿಲ್ಲ. ಒಂಬತ್ತು ತಿಂಗಳಾದರೂ ಕೂಡ್ರಲಿಲ್ಲವೆಂದು ತೋರಿಸಿದಾಗ ಗೊತ್ತಾಗಿದ್ದು. ಅಷ್ಟರಲ್ಲಿ ನಾಲ್ಕೈದು ಸೂಜಿ ಆಗಿದ್ದವು. ಅವರಿಗೆ ನಮ್ಮ ಮನೆಯವರು ಮಗ್ಗದ ಮುಂದೆ ಕೂರಿಸಿಕೊಂಡು ಹೇಳಿದ್ದು ಡಾಕ್ಟರು ಹೇಳಿದ್ದಕ್ಕಿಂತ ಚೆನ್ನಾಗಿ ಅರ್ಥವಾಯಿತು. "ನೋಡ್ರಿ, ಹಾಸು ಹೂಡೂವಾಗ ಒಂದು ಎಳಿ ಹೆಚ್ಚಿಗಿ ಬಿದ್ದದ. ಅದು ಇಡೀ ಸೀರ್ಯಾಗ ಕಡೀತನಕ ಬರ್ತದ. ನೇಯೂವಾಗ ಲಾಳಿ ಒಗದದ್ದಕ್ಕ ಆಗಿದ್ದಲ್ಲ ಅದು." ವಿಷಯ ಅಷ್ಟೇ. ಎಲ್ಲರ ಜೀವಕೋಶದಲ್ಲಿ 46 ವರ್ಣತಂತುಗಳಿದ್ದರೆ ನಮ್ಮ ಮಕ್ಕಳಲ್ಲಿ 47. ಇಪ್ಪತ್ತೊಂದನೆಯದು ಎರಡರ ಬದಲು ಮೂರು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಅವರ ಜೊತೆಗಾರರು ಇದನ್ನು ತೋರಿಸಿಕೊಟ್ಟರು. ಬಹುತೇಕ ಅದು ಗರ್ಭ ಕಟ್ಟುವ ಹೊತ್ತಿಗೇ ಆಗಿಹೋಗಿರುತ್ತದೆ. ಹುಟ್ಟಿದ ಮೇಲೆ ಹಾಕಿದ ಯಾವ ಸೂಜಿಯೂ ಅದನ್ನು ತರಲಾರದು. ತಾಯಿ ಉಂಡದ್ದು, ತಾಯಿ ಗ್ರಹಣ ನೋಡಿದ್ದು ಕೂಡ ಕಾರಣವಲ್ಲ. ಇದನ್ನು ಇಲ್ಲಿ ಹೇಳಿಯೇ ಬಿಡುತ್ತೇನೆ.

ಎಂಆರ್ ಸೂಜಿಯಿಂದ ಆಟಿಸಂ ಬರುತ್ತದೆ ಎಂಬ ಮಾತು ಇನ್ನೊಂದು. 2017ರ ಫೆಬ್ರವರಿಯಲ್ಲಿ ದೇಶದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಆಗ ಶಾಲೆಗಳಿಗೆ ಮಕ್ಕಳನ್ನು ಕಳಿಸದೆ ಮನೆಯಲ್ಲಿಟ್ಟುಕೊಂಡವರನ್ನು ನಾನೇ ನೋಡಿದ್ದೇನೆ. ಆ ಭಯದ ಬೇರು 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು, ದಡಾರ ಸೇರಿದ ಲಸಿಕೆಗೂ ಆಟಿಸಂಗೂ ನಂಟು ಹಾಕಿ ಬರೆದ ಲೇಖನದಲ್ಲಿದೆ. ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಅದನ್ನು ವಾಪಸ್ ಪಡೆಯಿತು, ಆತನ ವೈದ್ಯಕೀಯ ನೋಂದಣಿಯೂ ರದ್ದಾಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಡಾರದ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ನಮ್ಮ ಮಕ್ಕಳಲ್ಲಿ ಆಟಿಸಂ ಬೇರೆಯವರಿಗಿಂತ ಹೆಚ್ಚು ಎಂಬುದು ನಿಜ. ಅದು ಎದ್ದು ಕಾಣುವ ವಯಸ್ಸೂ ಎಂಆರ್ ಸೂಜಿಯ ವಯಸ್ಸೂ ಅಕ್ಕಪಕ್ಕ ಬರುತ್ತವೆ. ಹಾಗೆಯೇ ಈ ಮಕ್ಕಳಲ್ಲಿ ಕೆಲವರಿಗೆ ಮೊದಲ ವರ್ಷದೊಳಗೇ, ಮೇಲಿಂದ ಮೇಲೆ ಸೂಜಿ ಆಗುವ ತಿಂಗಳುಗಳಲ್ಲಿಯೇ, ಮೈ ಮುದುರಿಕೊಳ್ಳುವಂಥ ಒಂದು ಬಗೆಯ ಝಟಕೆ ಶುರುವಾಗುತ್ತದೆ. ನಿನ್ನೆ ಸೂಜಿ, ಇವತ್ತು ಝಟಕೆ ಆದರೆ ಯಾವ ತಾಯಿಯ ಮನಸ್ಸು ಸುಮ್ಮನಿರುತ್ತದೆ? ಅಂಥವರನ್ನು ಮೂಢರೆಂದು ಬೈಯಬೇಡಿ. ಕೂರಿಸಿಕೊಂಡು ಬಿಡಿಸಿ ಹೇಳಿ. ಝಟಕೆಗೆ ತಕ್ಷಣ ತೋರಿಸಲು ಕಳಿಸಿ.

ಸೂಜಿಯ ನಂತರ ಜ್ವರ ಬರುತ್ತದೆ, ತೊಡೆ ಬಾತುಕೊಳ್ಳುತ್ತದೆ. ನನ್ನ ಮಗಳಿಗೆ ಪೆಂಟಾ (ನಾಯಿಕೆಮ್ಮು, ಹಿಬ್ ಸೇರಿ ಐದು ರೋಗ ತಡೆಯುವ ಲಸಿಕೆ) ಆದ ರಾತ್ರಿ 101 ಜ್ವರ ಇತ್ತು. ಅವಳ ತೂಕಕ್ಕೆ ಎಷ್ಟು ಎಂದು ಕೇಳಿ ತಂದ ಪ್ಯಾರಾಸಿಟಮಾಲ್ ಕೊಟ್ಟು, ಹಾಲು ಕುಡಿಸಿ ಮಲಗಿಸಿದೆ. ಮರುದಿನ ಸಂಜೆಗೆ ಇಳಿಯಿತು.

ಆ ಸೂಜಿ ಹಾಕಿದ ನರ್ಸ್ ಅಕ್ಕಾರನ್ನು ನಾನು ಮರೆಯಲಾರೆ. ನಮ್ಮ ಮಕ್ಕಳ ತೊಡೆ ಮೆತ್ತಗೆ, ಹಿಡಿತಕ್ಕೆ ಸಿಗುವುದಿಲ್ಲ. ಅವರು ಅವಸರ ಮಾಡಲಿಲ್ಲ. ಅವಳನ್ನು ನನ್ನ ಮಡಿಲಲ್ಲಿ ಓರೆಯಾಗಿ ಕೂರಿಸಿ, ಅವಳ ಒಂದು ಕೈಯನ್ನು ನನ್ನ ಕಂಕುಳ ಕೆಳಗೆ ಸೇರಿಸಿ, ತೊಡೆಯ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಸ್ನಾಯು ಎಲ್ಲಿದೆ ಎಂದು ನೋಡಿ, ಆಮೇಲೆ ಚುಚ್ಚಿದರು. "ಅರ್ಧ ತಾಸು ಇಲ್ಲೇ ಕೂಡ್ರಿ, ಕೂಸಿನ ಮ್ಯಾಲ ನಂದೂ ಒಂದು ಕಣ್ಣಿರ್ತದ" ಅಂದರು. ನಿಯಮವೂ ಅದೇ. ಆದರೆ ಆ ಮಾತಿಗೆ ಎಷ್ಟು ಧೈರ್ಯ ಬಂತೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ತಡವಾಯಿತೆಂದು ಕೈಬಿಟ್ಟವರಿಗೆ ಒಂದು ವಿಷಯ. ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸುತ್ತಾರೆ. ಸರಕಾರಿ ಕಾರ್ಯಕ್ರಮದಲ್ಲಿ ಬಿಸಿಜಿ ಒಂದು ವರ್ಷದವರೆಗೆ, ಎಂಆರ್ ಐದು ವರ್ಷದವರೆಗೆ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಏಳು ವರ್ಷದವರೆಗೆ ಹಾಕುತ್ತಾರೆ. ಪೆಂಟಾ, ಭೇದಿ ತಡೆಯುವ ರೋಟಾ ಹನಿ, ನ್ಯುಮೋಕಾಕಲ್ ಇವುಗಳ ಮೊದಲ ಡೋಸು ಮಾತ್ರ ವರ್ಷದೊಳಗೆ ಬೀಳಬೇಕು. ಅದಕ್ಕೇ ನಾನು ಮುಂದೂಡಿದ ಒಂದೊಂದು ತಿಂಗಳನ್ನೂ ಲೆಕ್ಕ ಹಾಕುವುದು. ಕೂಸಿನ ಅಣ್ಣ, ಅಕ್ಕಂದಿರ ಲಸಿಕೆಯನ್ನೂ ಬಾಕಿ ಇಡಬೇಡಿ. ಅವರು ಶಾಲೆಯಿಂದ ತರುವ ಕೆಮ್ಮೇ ಇವರಿಗೆ ತಗಲುವುದು.

ಆ ಹನ್ನೊಂದು ರಾತ್ರಿಗಳಲ್ಲಿ ಫೋನಿನಲ್ಲಿ ಓದುತ್ತ ಕೂತಾಗ ಒಂದು ಸಂಗತಿ ಸಿಕ್ಕಿತು. ಇದನ್ನು ನಿಮ್ಮ ಸಿಬ್ಬಂದಿಯ ತರಬೇತಿಯಲ್ಲಿ ಹೇಳಿದರೆ ಒಳ್ಳೆಯದು. ಹುಟ್ಟಿದ 24 ತಾಸಿನೊಳಗೆ ಎಲ್ಲ ಕೂಸುಗಳಿಗೂ ಹಾಕುವ ಹೆಪಟೈಟಿಸ್ ಬಿ ಲಸಿಕೆಯ ಹಿಂದೆ ನಮ್ಮ ಮಕ್ಕಳಂಥವರಿದ್ದಾರೆ. ಅಮೆರಿಕದ ಬರೂಕ್ ಬ್ಲೂಂಬರ್ಗ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ರಕ್ತದಲ್ಲಿ ಹೊಸದೊಂದು ಪ್ರೋಟೀನು ಕಂಡುಹಿಡಿದಿದ್ದರು, ಅದು ಏನೆಂದು ತಿಳಿದಿರಲಿಲ್ಲ. ಸಂಸ್ಥೆಗಳಲ್ಲಿ ಗುಂಪುಗುಂಪಾಗಿ ಇಟ್ಟಿದ್ದ ಡೌನ್ ಸಿಂಡ್ರೋಮಿನವರ ರಕ್ತದಲ್ಲಿ ಅದು ಹೆಚ್ಚಾಗಿ ಕಾಣುತ್ತಿತ್ತು. ಅವರಲ್ಲೊಬ್ಬನ ಪರೀಕ್ಷೆ ಮೊದಲು ನೆಗೆಟಿವ್ ಬಂದು ಆಮೇಲೆ ಪಾಸಿಟಿವ್ ಆಯಿತು. ಅದೇ ಹೊತ್ತಿಗೆ ಅವನ ಪಿತ್ತಜನಕಾಂಗಕ್ಕೆ ಉರಿಯೂತ ಬಂದಿತ್ತು. ಆ ಸುಳಿವು ಹಿಡಿದು ಹೊರಟವರಿಗೆ ಹೆಪಟೈಟಿಸ್ ಬಿ ವೈರಸ್ಸು ಸಿಕ್ಕಿತು, ಮುಂದೆ ಲಸಿಕೆ ಬಂತು. 1976ರಲ್ಲಿ ಬ್ಲೂಂಬರ್ಗ್ ಅವರಿಗೆ ನೊಬೆಲ್ ಸಿಕ್ಕಿತು. ಆ ಸಂಸ್ಥೆಗಳಲ್ಲಿ ಬಿಟ್ಟುಹೋದವರ ರಕ್ತದಲ್ಲಿ ಸಿಕ್ಕ ಸುಳಿವಿನಿಂದ ಇವತ್ತು ನಮ್ಮೂರಿನ ಪ್ರತಿ ಹೆರಿಗೆ ವಾರ್ಡಿನ ಕೂಸಿಗೆ ರಕ್ಷಣೆ ಸಿಗುತ್ತದೆ. ಅದೇ ವಾರ್ಡಿನಲ್ಲಿ ಹುಟ್ಟಿದ ಡೌನ್ ಸಿಂಡ್ರೋಮಿನ ಕೂಸಿಗೆ "ಆಮ್ಯಾಲ ನೋಡೂಣು" ಅನ್ನುವ ಹಕ್ಕು ನಮಗೆ ಯಾರಿಗೂ ಇಲ್ಲ.

ಮಾನ್ಯರೇ, ನಾನು ಕೇಳುವುದು ದೊಡ್ಡದಲ್ಲ.

ಲಸಿಕೆ ಮುಂದೂಡುವುದಿದ್ದರೆ ಕಾರಣವನ್ನು ಕಾರ್ಡಿನ ಮೇಲೆ ಶಾಯಿಯಲ್ಲಿ ಬರೆಯಬೇಕು, ವೈದ್ಯರ ಸಹಿ ಇರಬೇಕು, ಮತ್ತೆ ಬರಬೇಕಾದ ತಾರೀಖು ಇರಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ. ಡೌನ್ ಸಿಂಡ್ರೋಮ್, ಹೃದಯದ ರಂಧ್ರ, ಸಣ್ಣ ನೆಗಡಿ, ಕಡಿಮೆ ತೂಕ ಇವು ಮುಂದೂಡಲು ಕಾರಣವಲ್ಲ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಇರಲಿ. ಬರೆದು ಸಹಿ ಮಾಡಬೇಕು ಅಂದಾಗ ಇಲ್ಲದ ಕಾರಣಗಳು ತಾವಾಗಿ ಬಿದ್ದುಹೋಗುತ್ತವೆ.

ಸೂಜಿ ಹಾಕುವ ಅಕ್ಕಾರ ಭಯವನ್ನೂ ನಾನು ಬಲ್ಲೆ. ಏನಾದರೂ ಆದರೆ ಊರ ಜನ ಮುತ್ತಿಗೆ ಹಾಕುವುದು ಉಪಕೇಂದ್ರದಲ್ಲಿ ಒಬ್ಬಳೇ ಇರುವ ಅವಳಿಗೆ. ನನಗೆ ಬೇಡವೆಂದವರೂ ಹೆದರಿಯೇ ಬೇಡವೆಂದದ್ದು. ಆ ಹೆದರಿಕೆಯನ್ನು ಅವಳೊಬ್ಬಳ ತಲೆಯ ಮೇಲೆ ಬಿಡಬೇಡಿ. ಅನುಮಾನ ಬಂದರೆ ಕೂಡಲೇ ಕೇಳಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ನಂಬರ್ ಅವಳಲ್ಲಿರಲಿ. ಅದೇ ವಾರದಲ್ಲಿ ವೈದ್ಯರ ಎದುರಿಗೇ ಕೂಸಿಗೆ ಲಸಿಕೆ ಆಗಲಿ.

ಮಕ್ಕಳ ಹುಟ್ಟುದೋಷ ಗುರುತಿಸಿ ಚಿಕಿತ್ಸೆ ಕೊಡಿಸಲು 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ. ನನ್ನ ಮಗಳ ಆಪರೇಷನ್ನಿಗೆ ದಾರಿಯಾದದ್ದೂ ಅದೇ, ಆ ಋಣ ದೊಡ್ಡದು. ಆದರೆ ಅಲ್ಲಿ ಹೆಸರು ಬರೆಸಿದ ಕೂಸಿಗೆ ಹದಿನಾಲ್ಕು ವಾರದ ಲಸಿಕೆ ಆಗಿದೆಯೋ ಇಲ್ಲವೋ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಆ ಪಟ್ಟಿ ಮತ್ತು ಲಸಿಕೆಯ ಪಟ್ಟಿ ಒಂದಕ್ಕೊಂದು ಮಾತಾಡಲಿ. ಎಂಟುನೂರು, ಸಾವಿರ ಹೆರಿಗೆಗೆ ಇಂಥ ಒಂದು ಕೂಸು. ಒಂದು ತಾಲೂಕಿನಲ್ಲಿ ವರ್ಷಕ್ಕೆ ಎಷ್ಟು ಹೆಸರುಗಳಾಗುತ್ತವೆ? ಒಂದು ಹಾಳೆಯಲ್ಲಿ ಹಿಡಿಯುವಷ್ಟು.

ಕೊನೆಯದು ದುಡ್ಡಿನ ವಿಷಯ. ನಮ್ಮ ಮಕ್ಕಳಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಬೇಕೆಂದು ಡಾಕ್ಟರು ಹೇಳುತ್ತಾರೆ. ಮೊದಲ ವರ್ಷ ತಿಂಗಳ ಅಂತರದಲ್ಲಿ ಎರಡು ಸಲ. ಹೃದಯದ ತೊಂದರೆ ಇದ್ದವರಿಗೆ ಎರಡು ವರ್ಷ ತುಂಬಿದ ಮೇಲೆ ನ್ಯುಮೋಕಾಕಲ್‌ನ ಇನ್ನೊಂದು ಬಗೆಯ ಲಸಿಕೆಯೂ ಬೇಕು. ಇವೆರಡೂ ಅಂಗನವಾಡಿಯಲ್ಲಿ ಸಿಗುವುದಿಲ್ಲ, ಖಾಸಗಿಯಾಗಿ ಕೊಳ್ಳಬೇಕು. ನೇಕಾರರ ಮನೆಯಲ್ಲಿ ಒಂದು ಫ್ಲೂ ಸೂಜಿಯೆಂದರೆ ಒಂದು ವಾರದ ಸಂತೆಯ ದುಡ್ಡು. ಹೋದ ವರ್ಷ ನಾವು ಹಾಕಿಸಿದೆವು. ಫಿಸಿಯೋಥೆರಪಿಗೆ ನಮ್ಮ ಜೊತೆ ಬರುವ ಮೂವರು ತಾಯಂದಿರಿಗೆ ಆಗಲಿಲ್ಲ. ಜಿಲ್ಲೆಗಿರುವ ಇಂಥ ಕೆಲವೇ ಮಕ್ಕಳಿಗೆ ಅದನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡಿಸಿ, ಮಳೆಗಾಲಕ್ಕೆ ಮುಂಚೆ.

ಬರುವ ವರ್ಷ ಮಗಳಿಗೆ ಐದು ತುಂಬುತ್ತದೆ, ಡಿಪಿಟಿಯ ಎರಡನೇ ಬೂಸ್ಟರ್ ಇದೆ. ಕಾರ್ಡು ಹಿಡಿದು ಬರುತ್ತೇನೆ. ಬಂದಾಗ ಉಪಕೇಂದ್ರದ ಗೋಡೆಯ ಮೇಲೆ ನಿಮ್ಮ ಸುತ್ತೋಲೆ ಅಂಟಿಸಿದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ ಮತ್ತೆ ಬರೆಯುತ್ತೇನೆ.

ಇಂತಿ,
ಬೆಟಗೇರಿಯ ಒಬ್ಬ ತಾಯಿ